ಗದ್ದೆಯ ನೀರಿನಲ್ಲಿ ಗೊಬ್ಬರದ ಕಾರ್ಖಾನೆ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಮಳೆಗಾಲದಲ್ಲಿ ನಾವು ಹೆಚ್ಚಾಗಿ ಕಾಣುವುದು ತೊಗರಿ, ಉದ್ದು, ಹೆಸರುಗಳ ಹೊಲಗಳನ್ನು. ದಕ್ಷಿಣಕ್ಕೆ ಗಂಗಾವತಿಯ ಕಡೆ ನಡೆದರೆ ತುಂಗಭದ್ರೆಯ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳು ಎದುರಾಗುತ್ತವೆ. ನೆಲ ಬೇರೆಯಾದರೂ ಮೇಲಿನ ಗಾಳಿ ಒಂದೇ. ಅದರ ನೂರರಲ್ಲಿ ೭೮ ಭಾಗ ಸಾರಜನಕ. ಸಸ್ಯಗಳಿಗೆ ಸಾರಜನಕ ಬೇಕೇ ಬೇಕು. ಆದರೆ ಗಾಳಿಯಿಂದ ಅದನ್ನು ನೇರವಾಗಿ ಪಡೆಯಲು ಭತ್ತಕ್ಕೂ ಬಾರದು, ತೊಗರಿಗೂ ಬಾರದು. ಐಶ್ವರ್ಯದ ನಡುವೆ ಈ ದಾರಿದ್ರ್ಯವೇಕೆ?

ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಅವನ್ನು ಬಿಡಿಸಿ ಅಮೋನಿಯ ತಯಾರಿಸಲು ಕಾರ್ಖಾನೆಗಳಲ್ಲಿ ಸುಮಾರು ೪೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ವಾಯುಮಂಡಲದ ನೂರು ಮಡಿಗೂ ಮೀರಿದ ಒತ್ತಡವೂ ಬೇಕಾಗುತ್ತವೆ. ಇದೇ ಕಾರ್ಯವನ್ನು ಗದ್ದೆಯ ನೀರಿನಲ್ಲಿ ನೀಲಿ-ಹಸಿರು ಪಾಚಿಯು ಸದ್ದಿಲ್ಲದೆ ನಡೆಸುತ್ತದೆ. ಪಾಚಿಯೆಂಬುದು ರೂಢಿಯ ಮಾತು. ಇದು ವಾಸ್ತವವಾಗಿ ಬ್ಯಾಕ್ಟೀರಿಯ. ಆದುದರಿಂದಲೇ ಇಂದು ಇದನ್ನು ಸಯನೋಬ್ಯಾಕ್ಟೀರಿಯ ಎನ್ನುತ್ತೇವೆ.

ಈ ಜೀವಿಗೆ ಒಂದು ಇಕ್ಕಟ್ಟುಂಟು. ಸಾರಜನಕವನ್ನು ಅಮೋನಿಯವಾಗಿಸುವ ನೈಟ್ರೊಜಿನೇಸ್ ಎಂಬ ಕಿಣ್ವವು ಆಮ್ಲಜನಕ ಸೋಂಕಿದರೆ ಕೆಡುತ್ತದೆ. ಆದರೆ ಬಿಸಿಲಿನಲ್ಲಿ ಆಹಾರ ತಯಾರಿಸುವಾಗ ಈ ಜೀವಿಯೇ ಆಮ್ಲಜನಕವನ್ನು ಹೊರಬಿಡುತ್ತದೆ. ಬೆಂಕಿಯನ್ನೂ ಬೆಣ್ಣೆಯನ್ನೂ ಒಂದೆಡೆ ಇರಿಸುವುದೆಂತು? ಅನಬೀನ, ನಾಸ್ಟಾಕ್ ಮೊದಲಾದವು ಕೆಲಸವನ್ನು ಹಂಚಿಕೊಂಡು ಈ ತೊಡಕನ್ನು ಬಿಡಿಸಿಕೊಂಡಿವೆ. ಸೂಕ್ಷ್ಮದರ್ಶಕದಲ್ಲಿ ಇವುಗಳ ಎಳೆ ಮಣಿಸರದಂತೆ ಕಾಣುತ್ತದೆ. ಹತ್ತಿಪ್ಪತ್ತು ಮಣಿಗಳಿಗೊಂದರಂತೆ ದಪ್ಪ ಗೋಡೆಯ ಮಸುಕಾದ ಕೋಶವಿರುತ್ತದೆ. ಇದೇ ಹೆಟರೊಸಿಸ್ಟ್. ಇದು ಆಮ್ಲಜನಕವನ್ನು ಉತ್ಪಾದಿಸುವುದಿಲ್ಲ. ಹೊರಗಿನಿಂದ ಒಳಬಿಡುವುದೂ ಅತ್ಯಲ್ಪ. ನೆರೆಯ ಕೋಶಗಳು ಇದಕ್ಕೆ ಸಕ್ಕರೆಯನ್ನೊದಗಿಸುತ್ತವೆ. ಇದು ಅವುಗಳಿಗೆ ಸಾರಜನಕದ ಸಂಯುಕ್ತಗಳನ್ನು ಕೊಡುತ್ತದೆ. ಎಳೆಗಳು ಸತ್ತು ಕೊಳೆತಾಗ ಆ ಸಾರಜನಕ ಭತ್ತಕ್ಕೆ ದಕ್ಕುತ್ತದೆ.

ಗೊಬ್ಬರ ಕಾಣದ ಗದ್ದೆಯೂ ವರ್ಷ ವರ್ಷ ಬೆಳೆ ಕೊಡುವುದರಲ್ಲಿ ಈ ಜೀವಿಗಳ ಪಾತ್ರ ದೊಡ್ಡದೆಂದು ೧೯೩೯ರಲ್ಲಿ ಪಿ. ಕೆ. ದೇ ತೋರಿಸಿದರು. ಮುಂದೆ ಕಾಶಿಯಲ್ಲಿ ಆರ್. ಎನ್. ಸಿಂಗ್ ಅವರೂ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ. ಎಸ್. ವೆಂಕಟರಾಮನ್ ಅವರೂ ಈ ಅಧ್ಯಯನವನ್ನು ವಿಸ್ತರಿಸಿದರು. ರೈತರೇ ಇದನ್ನು ಬೆಳೆಸಿಕೊಳ್ಳಬಹುದು. ಬಿಸಿಲು ಬೀಳುವ ಆಳವಿಲ್ಲದ ತೊಟ್ಟಿಯಲ್ಲಿ ಮಣ್ಣು, ಸ್ವಲ್ಪ ಸೂಪರ್‌ಫಾಸ್ಫೇಟ್, ನೀರು ಹಾಕಿ ಮೂಲ ಪಾಚಿಯನ್ನು ಉದುರಿಸಬೇಕು. ಎರಡು ಮೂರು ವಾರಗಳಲ್ಲಿ ಮೂಡುವ ಪದರವನ್ನು ಒಣಗಿಸಿ, ನಾಟಿಯಾದ ಒಂದು ವಾರದ ಮೇಲೆ ನಿಂತ ನೀರಿಗೆ ಹೆಕ್ಟೇರಿಗೆ ೧೦ ಕಿಲೋಗ್ರಾಂನಂತೆ ಎರಚುವುದು ವಾಡಿಕೆ. ಅನುಕೂಲ ಸ್ಥಿತಿಯಲ್ಲಿ ಹೆಕ್ಟೇರಿಗೆ ೨೦ರಿಂದ ೩೦ ಕಿಲೋಗ್ರಾಂ ಸಾರಜನಕ ದೊರೆಯುತ್ತದೆ. ೪೫ ಕಿಲೋಗ್ರಾಂ ಯೂರಿಯದ ಚೀಲವೊಂದರಲ್ಲಿರುವುದು ಸುಮಾರು ೨೧ ಕಿಲೋಗ್ರಾಂ ಮಾತ್ರ.

ಆದರೆ ಇದು ಮಂತ್ರದ ಪುಡಿಯಲ್ಲ. ಯೂರಿಯ ಧಾರಾಳವಾಗಿ ಬಿದ್ದ ಗದ್ದೆಯಲ್ಲಿ ಈ ಜೀವಿ ತನ್ನ ಕಾರ್ಖಾನೆಯನ್ನೇ ಮುಚ್ಚುತ್ತದೆ. ರಂಜಕ ಸಾಲದೆಹೋದರೆ ಬೆಳೆಯದು. ನೀರಿನ ಸಣ್ಣ ಹುಳುಗಳು ಅದನ್ನು ಮೇಯುವುದೂ ಉಂಟು. ನೀರು ನಿಲ್ಲದ ತೊಗರಿಯ ಹೊಲಕ್ಕೆ ಇದನ್ನು ಕೊಂಡು ಸುರಿದರೆ ಹಣ ಮಣ್ಣುಪಾಲು.

ಹಾಗಾದರೆ ಬಸವಕಲ್ಯಾಣದ ರೈತರಿಗೆ ಈ ಭಾಗ್ಯವಿಲ್ಲವೆ? ಇದೆ. ತೊಗರಿಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬೇರೊಂದು ಬ್ಯಾಕ್ಟೀರಿಯ ನೆಲಸಿದೆ. ಅದರ ಕಿಣ್ವವೂ ನೈಟ್ರೊಜಿನೇಸ್, ಅದರ ಶತ್ರುವೂ ಆಮ್ಲಜನಕವೇ. ಇಲ್ಲಿ ಕಾವಲಿಗಿರುವುದು ದಪ್ಪ ಗೋಡೆಯಲ್ಲ. ಆಮ್ಲಜನಕವನ್ನು ಹಿಡಿದಿಟ್ಟು ಅಳೆದು ಬಿಡುವ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ ಕೆಂಪು ವಸ್ತು. ಯಾವ ನೆಲಕ್ಕೆ ಯಾವ ಜೀವಿ ಎಂಬುದನ್ನು ಅರಿತರೆ ಗೊಬ್ಬರದ ಖರ್ಚಿನಲ್ಲಿ ಒಂದು ಪಾಲು ಉಳಿದೀತು. ಒಂದೂವರೆ ತಿಂಗಳ ತೊಗರಿ ಗಿಡವನ್ನು ವಿದ್ಯಾರ್ಥಿಗಳು ಮೆಲ್ಲನೆ ಅಗೆದು, ಬೇರಿನ ಗಂಟೊಂದನ್ನು ಕೊಯ್ದು ನೋಡಲಿ. ಒಳಗೆ ನಸುಗೆಂಪು ಕಂಡರೆ ಕಾರ್ಖಾನೆ ನಡೆಯುತ್ತಿದೆಯೆಂದು ತಿಳಿಯಬಹುದು.