ಮಗುವಿನ ಮನಸ್ಸಿಗೂ ಮನೆಯ ಹತ್ತಿರವೇ ಆರೈಕೆ ಬೇಕು

ಮಗುವಿಗೆ ಮೂರು ದಿನ ಜ್ವರ ಬಿಡದಿದ್ದರೆ ಯಾವ ತಂದೆತಾಯಿಯೂ ವೈದ್ಯರ ಬಳಿಗೆ ಹೋಗಲು ಹಿಂಜರಿಯುವುದಿಲ್ಲ. ಅದೇ ಮಗು ತಿಂಗಳುಗಟ್ಟಲೆ ಯಾರೊಡನೆಯೂ ಬೆರೆಯದೆ, ನಿದ್ದೆಗೆಟ್ಟು, ಶಾಲೆಯೆಂದರೆ ನಡುಗುತ್ತಿದ್ದರೆ ‘ಹಟಮಾರಿ’ ಎಂದು ಗದರಿಸಿ ಸುಮ್ಮನಾಗುತ್ತೇವೆ. ಇಲ್ಲವೇ ನೆರೆಹೊರೆಯವರಿಗೆ ತಿಳಿಯದಂತೆ ಮುಚ್ಚಿಡುತ್ತೇವೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿ ಮಾನಸಿಕ ತೊಂದರೆಗೆ ಒಳಗಾಗಿದ್ದರು. ಅಂದರೆ 40 ಮಕ್ಕಳ ತರಗತಿಯೊಂದರಲ್ಲಿ ಸುಮಾರು ಮೂವರು.

ಇಂತಹ ಆರೈಕೆಯನ್ನು ದೊಡ್ಡ ಆಸ್ಪತ್ರೆಯಿಂದ ಜನರ ನಡುವೆ ತಂದ ಹಿರಿಮೆ ನಮ್ಮ ನಾಡಿನದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿತು. ಮನೋರೋಗವನ್ನು ಊರಿನಲ್ಲೇ ಗುರುತಿಸಿ ಔಷಧಿ ಕೊಡುವುದು, ಕಠಿಣವಾದವನ್ನು ಮಾತ್ರ ತಜ್ಞರಿಗೆ ಒಪ್ಪಿಸುವುದು ಅದರ ಕ್ರಮ. ಈ ಮಾದರಿಯನ್ನು ಅನುಸರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆದರೆ ಮಕ್ಕಳ ಮನೋವೈದ್ಯರು ಇಂದಿಗೂ ವಿರಳ. ಹಿರಿಯರಿಗೆ ತೆರೆದಷ್ಟು ಬಾಗಿಲುಗಳು ಮಕ್ಕಳಿಗೆ ತೆರೆದಿಲ್ಲ.

ಮೈಸೂರಿಗರ ಭಾಗ್ಯಕ್ಕೆ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಮಾತು ತಡವಾದ ಮಕ್ಕಳಿಗೆ, ಆಟಿಸಂ ಹಾಗೂ ಕಲಿಕೆಯ ತೊಡಕುಳ್ಳವರಿಗೆ ಅಲ್ಲಿ ತಪಾಸಣೆ, ತರಬೇತಿ ದೊರೆಯುತ್ತದೆ. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಹೆತ್ತವರಿಗೂ ಕಲಿಸುತ್ತಾರೆ. ಆದರೆ ಎಚ್.ಡಿ. ಕೋಟೆಯ ಕೂಲಿಕಾರ ಕುಟುಂಬವೊಂದು ವಾರವಾರವೂ ದಿನಗೂಲಿ ಕಳೆದುಕೊಂಡು ಬಸ್ಸು ಹತ್ತಿ ಇಲ್ಲಿಗೆ ಬರಲಾದೀತೆ? ಎರಡು ಬಾರಿ ಬಂದು ಮೂರನೆಯ ಬಾರಿ ಬಾರದೆ ಉಳಿದರೆ ಅದು ಹೆತ್ತವರ ಅಸಡ್ಡೆಯಲ್ಲ, ದೂರದ ಹೊರೆ. ಆದ್ದರಿಂದಲೇ ತಾಲ್ಲೂಕು ಆಸ್ಪತ್ರೆ, ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳ ಮನಸ್ಸನ್ನು ಅರಿತವರು ಇರಬೇಕೆಂದು ನಾವು ಒಟ್ಟಾಗಿ ಕೇಳಬೇಕಾಗಿದೆ.

ಅಲ್ಲಿಯವರೆಗೆ ನಮ್ಮ ಕೈಲಾದುದೂ ಇದೆ. ಮಗುವಿನಲ್ಲಾದ ಬದಲಾವಣೆಯನ್ನು ತರಗತಿಯ ಶಿಕ್ಷಕರು, ಧರ್ಮೋಪದೇಶ ಕಲಿಸುವವರು, ಪಕ್ಕದ ಮನೆಯವರು ಹೆತ್ತವರಿಗಿಂತ ಮೊದಲೇ ಕಾಣಬಹುದು. ಅದನ್ನು ಧರ್ಮಕೇಂದ್ರದ ಅಂಗಳದಲ್ಲಿ ಹರಟೆಯ ವಿಷಯವಾಗಿಸದೆ ತಂದೆತಾಯಿಯ ಕಿವಿಗೆ ಪ್ರೀತಿಯಿಂದ ಮುಟ್ಟಿಸೋಣ. ಪ್ರಾರ್ಥನೆ ಧೈರ್ಯ ಕೊಡುತ್ತದೆ. ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ. ಯಾರಲ್ಲಿ ಕೇಳುವುದೆಂದು ತಿಳಿಯದವರು 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಉಚಿತ ದೂರವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಗು ತನ್ನ ನೋವನ್ನು ಹೇಳಲಾರದು. ಕೇಳುವ ಮೊದಲ ಹೊಣೆ ಹಿರಿಯರಾದ ನಮ್ಮದು.