ಹಳೆಯ ಲ್ಯಾಪ್‌ಟಾಪಿನ ಜೀರ್ಣೋದ್ಧಾರ

ರಾಯಚೂರು ಜಿಲ್ಲೆಯ ಕಲ್ಲೂರಿನಂಥ ಊರುಗಳಲ್ಲಿ ಮಣ್ಣಿನ ಮಾಳಿಗೆಯನ್ನು ತೆಗೆದು ಹೊಸದಾಗಿ ಹೊದಿಸಬೇಕಾದಾಗ, ಮೊದಲು ಒಳಗಿನ ಕಾಳುಕಡಿಯನ್ನೂ ದೇವರ ಪೆಟ್ಟಿಗೆಯನ್ನೂ ಹೊರಗೆ ಸಾಗಿಸಿ, ಅನಂತರವೇ ಗುದ್ದಲಿಗೆ ಕೈಯಿಕ್ಕಬೇಕಾಗುವುದು. ಮುಪ್ಪಾದ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಿಸುವ ಗೃಹಸ್ಥರೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು. ಯಂತ್ರವು ಹೋದರೆ ಇನ್ನೊಂದನ್ನು ಕೊಳ್ಳಬಹುದು. ಅದರೊಳಗಿನ ಮದುವೆಯ ಚಿತ್ರಗಳೂ, ಮಕ್ಕಳ ಅಂಕಪಟ್ಟಿಗಳೂ, ಗತಿಸಿದ ಹಿರಿಯರ ಧ್ವನಿಯೂ ಯಾವ ಅಂಗಡಿಯಲ್ಲಿಯೂ ದೊರೆಯಲಾರವು.

ಯಂತ್ರವು ನಿಧಾನವಾದ ಮಾತ್ರಕ್ಕೆ ದೋಷವೆಲ್ಲ ವಿಂಡೋಸಿನದೆಂದು ತಿಳಿಯಲಾಗದು. ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಈ ಸೀಮೆಯಲ್ಲಿ, ಒಳಗಿನ ಫ್ಯಾನಿಗೆ ಧೂಳು ಮೆತ್ತಿಕೊಂಡರೆ ಯಂತ್ರವು ಕಾದು, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುವುದು. ಆದುದರಿಂದ ಮೊದಲು ಧೂಳನ್ನು ತೆಗೆಯಿಸಿ ನೋಡಬೇಕು. ಹಾರ್ಡ್ ಡಿಸ್ಕಿನಿಂದ ಟಿಕ್‌ಟಿಕ್ ಎಂಬ ಶಬ್ದವು ಕೇಳಿಬಂದರಂತೂ ಬೇರೆ ಯಾವ ಚಿಕಿತ್ಸೆಗೂ ಮುನ್ನ ಒಳಗಿನ ಕಡತಗಳನ್ನು ಹೊರಗೆ ಪ್ರತಿಮಾಡಿಕೊಳ್ಳಬೇಕು.

ಚಿಕಿತ್ಸೆಯು ಎರಡು ಬಗೆಯದು. ಮೊದಲನೆಯದು ರೀಸೆಟ್. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ರಿಕವರಿ ಎಂಬಲ್ಲಿ ಇದು ದೊರೆಯುವುದು. ‘ನನ್ನ ಕಡತಗಳನ್ನು ಉಳಿಸು’ ಎಂಬರ್ಥದ ಆಯ್ಕೆಯಿಂದ ಚಿತ್ರ, ಪತ್ರಗಳು ಉಳಿದರೂ, ನಾವು ಹಾಕಿಕೊಂಡ ಸಾಫ್ಟ್‌ವೇರುಗಳು ಅಳಿಯುವುವು. ಎರಡನೆಯದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು. ಇದಕ್ಕೆ ಕನಿಷ್ಠ 8 ಜಿಬಿಯ ಪೆನ್ ಡ್ರೈವ್ ಬೇಕು. ಅದರಲ್ಲಿ ಮೊದಲಿದ್ದುದೆಲ್ಲವೂ ಅಳಿಯುವುದು. ವಿಂಡೋಸನ್ನು ಎಲ್ಲಿ ಹಾಕಬೇಕೆಂದು ಯಂತ್ರವು ಕೇಳುವಾಗ ಅವಸರದಿಂದ ಎಲ್ಲ ಭಾಗಗಳನ್ನೂ ಅಳಿಸಿದರೆ, ‘ಡಿ’ ಡ್ರೈವಿನಲ್ಲಿ ಜೋಪಾನವಾಗಿಟ್ಟದ್ದೂ ಹೋಯಿತೆಂದೇ ತಿಳಿಯಬೇಕು. ಯಂತ್ರದೊಡನೆಯೇ ಬಂದ ವಿಂಡೋಸ್ 10ರ ಪರವಾನಗಿಯು ಸಾಮಾನ್ಯವಾಗಿ ಆ ಯಂತ್ರಕ್ಕೇ ಅಂಟಿಕೊಂಡಿರುವುದರಿಂದ, ಅದೇ ಆವೃತ್ತಿಯನ್ನು ಮರಳಿ ಹಾಕುವಾಗ ಪುನಃ ಹಣ ತೆರಬೇಕಾಗಿಲ್ಲ.

ಕನ್ನಡಿಗರಿಗೆ ಇಲ್ಲಿ ವಿಶೇಷವಾದ ತೊಡಕೊಂದುಂಟು. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳಲ್ಲಿ ಯಂತ್ರವು ಕಾಪಿಡುವುದು ರೋಮನ್ ಅಕ್ಷರಗಳ ಸಂಕೇತಗಳನ್ನು, ಅವುಗಳಿಗೆ ಕನ್ನಡದ ರೂಪವನ್ನು ತೊಡಿಸುವುದು ಆ ಅಕ್ಷರಶೈಲಿಯೇ. ಹೊಸ ವಿಂಡೋಸಿನಲ್ಲಿ ಅದಿಲ್ಲದೆ ಹೋದರೆ, ಅಜ್ಜನು ಬರೆಸಿದ ವಂಶಾವಳಿಯೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದು. ಪತ್ರವು ನಾಶವಾಯಿತೆಂದು ಆಗ ಅದನ್ನು ಅಳಿಸಕೂಡದು. ಅಕ್ಷರಶೈಲಿಯನ್ನು ಮತ್ತೆ ಹಾಕಿದೊಡನೆ ಕನ್ನಡವು ಮರಳುವುದು. ಆದುದರಿಂದ ಪತ್ರಗಳೊಡನೆ ಅಕ್ಷರಶೈಲಿಗಳನ್ನೂ ಪ್ರತಿಮಾಡಿಕೊಳ್ಳಬೇಕು. ಬಿಡುವಾದಾಗ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಮುಂದಿನ ತಲೆಮಾರಿಗೆ ಈ ತೊಂದರೆಯಿರದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕನಿಷ್ಠ 4 ಜಿಬಿ ಸ್ಮರಣೆಯನ್ನೂ, 64 ಜಿಬಿ ಸ್ಥಳವನ್ನೂ, ಟಿಪಿಎಂ 2.0 ಎಂಬ ರಕ್ಷಣಾ ಸಾಧನವನ್ನೂ ಬೇಡುವುದರಿಂದ ಅನೇಕ ಹಳೆಯ ಯಂತ್ರಗಳು ಅದಕ್ಕೆ ಅರ್ಹವಲ್ಲ. ಅಂಥವಕ್ಕೆ ಉಬುಂಟು, ಲಿನಕ್ಸ್ ಮಿಂಟ್ ಮುಂತಾದುವು ಉಚಿತವಾಗಿ ದೊರೆಯುವುವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸೇ ಇವುಗಳ ತಿರುಳು. ಇವನ್ನು ಪೆನ್ ಡ್ರೈವಿನಿಂದಲೇ ನಡೆಯಿಸಿ, ವೈಫೈ, ಧ್ವನಿ, ಕನ್ನಡ ಬರವಣಿಗೆಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಸ್ಥಾಪಿಸಬಹುದು.

ಕೆಲಸಕ್ಕೆ ತೊಡಗುವ ದಿನ ಚಾರ್ಜರನ್ನು ಸಿಕ್ಕಿಸಿ, ಬ್ಯಾಟರಿಯೂ ತುಂಬಿದೆಯೆಂದು ನೋಡಿಕೊಳ್ಳಿರಿ. ನಡುವೆ ವಿದ್ಯುತ್ತು ಹೋಗಿ ಯಂತ್ರವು ಆರಿದರೆ ಕೆಲಸವು ಕೆಡಬಹುದು. ಪಾಸ್‌ವರ್ಡುಗಳನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡಿರಿ. ಹೊರಗೆ ಪ್ರತಿಮಾಡಿದ ಚಿತ್ರಗಳಲ್ಲಿ ನಾಲ್ಕಾರನ್ನು ಬೇರೊಂದು ಯಂತ್ರದಲ್ಲಿ ತೆರೆದು ಕಣ್ಣಾರೆ ನೋಡಿರಿ. ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು. ಅಂಗಡಿಯವನಿಗೆ ಒಪ್ಪಿಸುವವರು ‘ಫಾರ್ಮ್ಯಾಟ್ ಮಾಡು’ ಎಂದಷ್ಟೇ ಹೇಳದೆ, ಏನೇನು ಉಳಿಯಬೇಕೆಂಬುದನ್ನು ಚೀಟಿಯಲ್ಲಿ ಬರೆದುಕೊಡುವುದು ಲೇಸು. ಇಷ್ಟು ಜಾಗರೂಕತೆಯಿದ್ದರೆ, ಮೂಲೆ ಸೇರಿದ ಯಂತ್ರವು ಮನೆಯ ಮಕ್ಕಳ ಓದಿಗೆ ಇನ್ನೂ ಕೆಲವು ವರುಷ ಒದಗಬಲ್ಲುದು.