ವಿಚಾರಣಾ ನಮೂನೆಯಲ್ಲಿ ಅಡಗಿದ ಅಪಾಯ

ಕೃಷ್ಣೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಹುಣಸಗಿಯ ಗಿರಣಿದಾರರು ಜಾಲತಾಣ ತೆರೆದರೆ, ಅದರ ವಿಚಾರಣಾ ನಮೂನೆಯನ್ನು ಮೊದಲು ಪರೀಕ್ಷಿಸುವುದು ಅವಶ್ಯ. ಇ-ಮೇಲ್‌ನಲ್ಲಿ ವಿಳಾಸ, ವಿಷಯ ಮೊದಲಾದ ಹೆಡರ್‌ಗಳು ಪ್ರತ್ಯೇಕ ಸಾಲುಗಳಲ್ಲಿರುತ್ತವೆ. ವಿಳಾಸದ ಜಾಗದಲ್ಲಿ ದುಷ್ಕರ್ಮಿಯು ಹೊಸ ಸಾಲಿನ ಸಂಕೇತದೊಡನೆ ‘ಬಿಸಿಸಿ’ ಹೆಡರನ್ನು ತುರುಕಿದರೆ, ಅನಪೇಕ್ಷಿತ ಪತ್ರಗಳು ವರ್ತಕರ ಹೆಸರಿನಲ್ಲೇ ಹೊರಡುತ್ತವೆ. ಸರ್ವರ್ ಕಪ್ಪುಪಟ್ಟಿಗೆ ಸೇರಿದರೆ ನೈಜ ದರಪಟ್ಟಿಯೂ ಖರೀದಿದಾರರನ್ನು ತಲುಪದು.

2006ರ ಜನವರಿಯಲ್ಲಿ ಬಂದ ಪಿಎಚ್‌ಪಿ 5.1.2 ಆವೃತ್ತಿಯು ಜಾಲಪುಟದ ಹೆಡರ್ ಆಜ್ಞೆಯಿಂದ ಒಮ್ಮೆಗೆ ಒಂದಕ್ಕಿಂತ ಹೆಚ್ಚು ಹೆಡರ್ ಹೋಗದಂತೆ ತಡೆಯಿತು. ಆದರೆ ಇ-ಮೇಲ್ ಆಜ್ಞೆಗೆ ಆ ತಡೆ ಅನ್ವಯಿಸಲಿಲ್ಲ. ಆದ್ದರಿಂದ ಹೆಸರು, ವಿಳಾಸ, ವಿಷಯಗಳಲ್ಲಿ ಹೊಸ ಸಾಲಿನ ಸಂಕೇತವಿದ್ದರೆ ನಮೂನೆಯನ್ನೇ ತಿರಸ್ಕರಿಸುವಂತೆ ತಂತ್ರಾಂಶ ಬರೆಯಿಸಬೇಕು. ಜಾಲತಾಣ ರಚಿಸಿದವರಿಗೆ ಅಂತಿಮ ಹಣ ಪಾವತಿಸುವ ಮುನ್ನ ವರ್ತಕರು ಈ ಪರೀಕ್ಷೆಯನ್ನು ಕಣ್ಣಾರೆ ಕಾಣುವುದು ಲೇಸು.